ಬಿಸಿಲ ಸೀಮೆಯಲ್ಲಿ ಬಿಸಿಗಾಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಇಂಥ ಕಡೆ ಕಾರಿನ ಹೀಟರ್ ಕೆಟ್ಟಿದೆ, ನೋಡಿಕೊಡಿ ಎಂದರೆ ಗ್ಯಾರೇಜಿನವರು ಮುಖ ನೋಡುತ್ತಾರೆ. ‘ನಮ್ಮ ಕಡೆ ಅದು ಯಾಕ್ ಬೇಕ್ರಿ?’ ಎಂಬ ಮಾತನ್ನು ದಾರಿಯುದ್ದಕ್ಕೂ ಕೇಳಿದೆ. ಆ ಮಾತಿಗೆ ನನ್ನ ತಕರಾರಿದೆ. ಅದನ್ನು ಹೇಳುವುದಕ್ಕೇ ಈ ಪ್ರಯಾಣದ ಕಥೆ ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆ. ಧನುರ್ಮಾಸದ ಬೆಳಗಿನ ಜಾವ ಈ ಬಯಲು ಬೇರೆಯೇ ಆಗಿರುತ್ತದೆ. ಹಗಲೆಲ್ಲ ಕಾದ ನೆಲ ಮೋಡವಿಲ್ಲದ ರಾತ್ರಿಯಲ್ಲಿ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಐದು ಗಂಟೆಯ ಹೊತ್ತಿಗೆ ಕೈಕಾಲು ಸೇದುವಷ್ಟು ತಣ್ಣಗಾಗುತ್ತದೆ. ಅಂಥ ಬೆಳಗಿನಲ್ಲಿ ನಾವು ಕೂಡ್ಲಿಗಿಯ ನೆಂಟರ ಮನೆಯಿಂದ ಹೊರಟೆವು. ಮುಂದಿನ ಸೀಟಿನಲ್ಲಿ ದೊಡ್ಡಮ್ಮ, ಹಿಂದೆ ಅವರ ಮಗ, ಅಂದರೆ ನನ್ನ ತಮ್ಮ. ಎಪ್ಪತ್ತು ದಾಟಿದ ದೊಡ್ಡಮ್ಮನಿಗೆ ಮಂಡಿನೋವು. ಚಳಿ ಬಿದ್ದರೆ ಅದು ಇಮ್ಮಡಿ. ಕೊಟ್ಟೂರೇಶ್ವರನಿಗೆ ಹೇಳಿಕೊಂಡ ಹರಕೆ, ಹಡಗಲಿಯ ಬೀಗರ ಮನೆ, ಹರಪನಹಳ್ಳಿ ಕಡೆಯ ತವರು, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಬೇಕೆಂಬುದು ಅವರ ಆಸೆ. ಗಾಂಧೀಜಿಯವರ ಚಿತಾಭಸ್ಮ ಇಟ್ಟಿರುವ ಸ್ಮಾರಕ ಕೂಡ್ಲಿಗಿಯಲ್ಲಿದೆ. ಹಿಂದಿನ ಸಂಜೆ ಅಲ್ಲಿಗೆ ಹೋಗಿ ಕೈಮುಗಿದು ಬಂದಿದ್ದರು.

ಕಾರು ಸೆಕೆಂಡ್ ಹ್ಯಾಂಡ್. ಕೊಂಡ ಮೇಲೆ ಚಳಿಗಾಲದ ಪ್ರಯಾಣ ಇದೇ ಮೊದಲು. ಊರು ದಾಟುವ ಮೊದಲೇ ಮುಂದಿನ ಗಾಜಿನ ಒಳಮೈಯೆಲ್ಲ ಮಂಜುಗಟ್ಟಿತು. ಹೀಟರಿನ ಗುಬುಟನ್ನು ಕೆಂಪು ಗೆರೆಯ ಕೊನೆಯವರೆಗೆ ತಿರುಗಿಸಿ ಬ್ಲೋವರ್ ಜೋರು ಮಾಡಿದರೆ ಸದ್ದು ಬಂತು, ಗಾಳಿ ಬಂತು, ಬಿಸಿ ಬರಲಿಲ್ಲ. ಐವತ್ತನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಬದಿಯ ಚಹಾದಂಗಡಿ ಮುಂದೆ ನಿಲ್ಲಿಸಿದೆವು. ಅಲ್ಲಿದ್ದ ಲಾರಿ ಡ್ರೈವರೊಬ್ಬರು ಗಾಜು ನೋಡಿ, ‘ಎಸಿ ಹಾಕ್ರಿ, ಗ್ಲಾಸ್ ಒಣಗ್ತೈತೆ’ ಎಂದರು. ನಿಜವೇ. ಎಸಿ ಗಾಳಿಯೊಳಗಿನ ತೇವವನ್ನು ಹೀರಿ ನೀರಾಗಿ ಹೊರಗೆ ಬಿಡುತ್ತದೆ. ಜೊತೆಗೆ ಹೀಟರೂ ಇದ್ದರೆ ಗಾಜು ನಿಮಿಷದೊಳಗೆ ತಿಳಿಯಾಗುತ್ತದೆ. ಆದರೆ ಬರೀ ಎಸಿಯಲ್ಲಿ ದೊಡ್ಡಮ್ಮ ಶಾಲಿನೊಳಗೆ ಮುದುಡಿದರು. ‘ನನ್ನ ಚಿಂತಿ ಬಿಡಪ್ಪಾ, ದಾರಿ ಕಂಡ್ರ ಸಾಕು’ ಎಂದರು. ಕೊಟ್ಟೂರಿನವರೆಗೆ ನನಗೆ ಆ ಮಾತೇ ಚುಚ್ಚುತ್ತಿತ್ತು.

ಕೊಟ್ಟೂರಿಗೆ ಸೇರುವ ಹೊತ್ತಿಗೆ ಬೆಳಕು ಹರಿದಿತ್ತು. ಮಾಘಮಾಸದ ತೇರಿಗೆ ಇನ್ನೂ ದಿನಗಳಿದ್ದವು. ಆ ಹೊತ್ತಿಗೆ ದಾವಣಗೆರೆ ಕಡೆಯಿಂದ ಭಕ್ತರು ಹಗಲು ರಾತ್ರಿ ಎನ್ನದೆ ಪಾದಯಾತ್ರೆಯಲ್ಲಿ ಬರುತ್ತಾರೆ, ದಾರಿಯುದ್ದಕ್ಕೂ ಹಳ್ಳಿಯವರು ಊಟ, ಮಜ್ಜಿಗೆ ಇಟ್ಟುಕೊಂಡು ಕಾಯುತ್ತಾರೆ. ದೊಡ್ಡಮ್ಮನೂ ಕಾಲು ಗಟ್ಟಿ ಇದ್ದಾಗ ಹಾಗೆ ನಡೆದವರು. ಈಗ ಕಾರಿನಲ್ಲಿ ಬಂದದ್ದಕ್ಕೆ ಗದ್ದುಗೆಯ ಮುಂದೆ ಬಹಳ ಹೊತ್ತು ಕಣ್ಣುಮುಚ್ಚಿ ನಿಂತರು.

ದರ್ಶನ ಮುಗಿಸಿ, ಮಂಡಕ್ಕಿ ಮಿರ್ಚಿ ತಿಂದು, ಬಸ್ ನಿಲ್ದಾಣದ ಕಡೆಯ ಒಂದು ಗ್ಯಾರೇಜು ಹುಡುಕಿದೆವು. ಅಲ್ಲಿಯ ಹುಡುಗನಿಗೆ ಇಪ್ಪತ್ತೈದರ ಒಳಗೇ ವಯಸ್ಸು. ಅವನೂ ಮೊದಲು ಅದೇ ಪ್ರಶ್ನೆ ಕೇಳಿದ. ದೊಡ್ಡಮ್ಮನ ಕಡೆ ನೋಡಿ ಸುಮ್ಮನಾದ. ಆಮೇಲೆ ಅವನು ಮಾಡಿದ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ನನ್ನಿಂದ ಗುಬುಟು ತಿರುಗಿಸಿ, ಅದರ ಕೇಬಲ್ ಎಳೆಯುವುದನ್ನೂ ಒಳಗಿನ ಮುಚ್ಚಳ ಆಚೀಚೆ ಆಡುವುದನ್ನೂ ನೋಡಿದ. ಆ ಮುಚ್ಚಳವೇ ತಣ್ಣನೆ ಗಾಳಿಯನ್ನು ಬಿಸಿ ಕಾಯಿಲಿನ ಕಡೆ ತಿರುಗಿಸುವುದು. ಕೇಬಲ್ ಕಳಚಿದ್ದರೆ ಎಂಜಿನ್ ಎಷ್ಟೇ ಕಾದರೂ ಗಾಳಿ ತಣ್ಣಗೇ ಬರುತ್ತದೆ. ಹಲವು ಕಾರುಗಳ ರೋಗ ಇಷ್ಟರಲ್ಲೇ ಮುಗಿಯುತ್ತದೆ. ನಮ್ಮದು ಸರಿಯಾಗಿತ್ತು. ‘ಗಾಳಿ ಐತೆ, ಮುಚ್ಚಳ ಆಡ್ತೈತೆ. ಅಂದ್ರೆ ಇನ್ನು ನೀರಿನ ಕಡೆ ನೋಡ್ಬೇಕು ಸರ್’ ಎಂದ.

ಇಡೀ ವಿಷಯ ಆ ಮಾತಿನಲ್ಲಿದೆ. ಕಾರಿನ ಹೀಟರಿಗೆ ತನ್ನದೇ ಬೆಂಕಿ ಇಲ್ಲ. ಎಂಜಿನ್ನಿನಲ್ಲಿ ಸುಡುವ ಪೆಟ್ರೋಲು, ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಶಾಖವಾಗಿ ಕೂಲಂಟ್ ನೀರಿಗೆ ಸೇರುತ್ತದೆ. ಪಂಪು ಆ ನೀರನ್ನು ಎಂಜಿನ್ನಿನ ಸುತ್ತ ತಿರುಗಿಸಿ, ಮುಂದಿನ ರೇಡಿಯೇಟರಿಗೆ ಕಳಿಸಿ, ತಣಿಸಿ ವಾಪಸು ತರುತ್ತದೆ. ಅದೇ ನೀರಿನ ಒಂದು ಸಣ್ಣ ಕವಲು ಎರಡು ರಬ್ಬರ್ ಪೈಪುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬರುತ್ತದೆ. ಅಲ್ಲಿರುವ ಕಾಯಿಲ್ ಎಂದರೆ ಪುಟ್ಟ ರೇಡಿಯೇಟರೇ. ಅದರ ಮೇಲೆ ಗಾಳಿ ಹಾಯಿಸಿದರೆ ನಮ್ಮ ಕಾಲಿಗೆ ಬಿಸಿ. ಹಾಗಾಗಿ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ನೀರು ಕಡಿಮೆಯಾಗಿರಬೇಕು, ಕಾಯದೆ ಇರಬೇಕು, ಇಲ್ಲವೇ ಕಾಯಿಲಿನ ತನಕ ಹರಿಯದೆ ಇರಬೇಕು. ಈ ಮೂರೂ ಎಂಜಿನ್ನಿಗೆ ಸಂಬಂಧಪಟ್ಟ ಸಂಗತಿಗಳು. ಬಿಸಿಲಿನ ಊರಿನಲ್ಲಂತೂ ನೀರು ಕಡಿಮೆಯಾಗಿದ್ದರೆ ಮೊದಲು ತಿಳಿಯಬೇಕು. ಕಾಯಿಲ್ ಎತ್ತರದಲ್ಲಿ ಇರುವುದರಿಂದ ಬಹಳ ಕಾರುಗಳಲ್ಲಿ ಮೊದಲು ಒಣಗುವುದೂ ಅದೇ.

ಎಂಜಿನ್ ಆರುವವರೆಗೆ ಹುಡುಗ ರೇಡಿಯೇಟರಿನ ಕ್ಯಾಪ್ ಮುಟ್ಟಲಿಲ್ಲ. ಕಾದ ಎಂಜಿನ್ನಿನಲ್ಲಿ ನೀರು ಒತ್ತಡದಲ್ಲಿ ಇರುತ್ತದೆ, ಆ ಒತ್ತಡದಿಂದಲೇ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೆದ್ದಾರಿ ಬದಿಯಲ್ಲಿ ಅವಸರಪಟ್ಟು ಕೈಮುಖ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ತಣ್ಣಗಾದ ಮೇಲೆ ತೆಗೆದರೆ ನೀರು ಕಣ್ಣಿಗೆ ಕಾಣದಷ್ಟು ಕೆಳಗಿತ್ತು. ಇದ್ದ ನೀರಿಗೂ ಕೂಲಂಟಿನ ಹಸಿರು, ಗುಲಾಬಿ ಯಾವ ಬಣ್ಣವೂ ಇಲ್ಲ. ಇಟ್ಟಿಗೆ ಬಣ್ಣದ ತುಕ್ಕುನೀರು. ಕ್ಯಾಪಿನ ಒಳಗೆ, ಪೈಪಿನ ಕ್ಲಿಪ್ಪುಗಳ ಸುತ್ತ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ‘ಬೋರ್ ನೀರು ಹಾಕ್ಯಾರ’ ಎಂದ ಹುಡುಗ.

ಈ ಐದೂ ತಾಲೂಕಿನ ಜನಕ್ಕೆ ಬೋರ್ ನೀರಿನ ಗುಣ ಗೊತ್ತಿದೆ. ಗಡಸು ನೀರು, ಎಷ್ಟೋ ಕಡೆ ಫ್ಲೋರೈಡ್. ಕುಡಿಯಲಿಕ್ಕೆ ಅದನ್ನು ಮುಟ್ಟದೆ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುತ್ತಾರೆ. ಮನೆಯ ಗೀಸರಿನ ಕಾಯಿಲ್ ಸುಣ್ಣಗಟ್ಟಿ ಸುಟ್ಟುಹೋಗುವುದನ್ನು ಕಂಡಿರುತ್ತಾರೆ. ಅದೇ ನೀರನ್ನು ಕಾರಿನ ರೇಡಿಯೇಟರಿಗೆ ಮಾತ್ರ ಯಾರೂ ಯೋಚಿಸದೆ ಸುರಿಯುತ್ತಾರೆ. ನೀರು ಕಾದಷ್ಟೂ ಅದರಲ್ಲಿ ಕರಗಿದ ಸುಣ್ಣದಂಶ ಲೋಹಕ್ಕೆ ಅಂಟುತ್ತದೆ, ಜೊತೆಗೆ ತುಕ್ಕು. ಕೂಲಂಟಿನಲ್ಲಿರುವ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ, ಅದಕ್ಕೆ ಬೆರೆಸಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಕೂಲಂಟ್ ಎಂದರೆ ಹಿಮ ಬೀಳುವ ದೇಶದವರಿಗೆ ಎಂದು ತಿಳಿದವರು ಇಲ್ಲಿ ಬಹಳ ಜನ. ನನ್ನ ಪ್ರಕಾರ ಅದು ಕಾಶ್ಮೀರದಷ್ಟೇ ಕೂಡ್ಲಿಗಿಗೂ ಬೇಕು.

ಹುಡುಗ ಸೋರುತ್ತಿದ್ದ ಕ್ಲಿಪ್ಪು ಬದಲಿಸಿದ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ತುಂಬಿದ. ಕಾರಿನ ಮೂತಿಯನ್ನು ಏರುಗಡೆ ನಿಲ್ಲಿಸಿ, ಕ್ಯಾಪ್ ತೆಗೆದೇ ಇಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿದ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬಂತು. ಗಾಳಿ ಕಟ್ಟಿಕೊಂಡಿದ್ದರೆ ನೀರು ತುಂಬಿದ್ದರೂ ಕಾಯಿಲಿಗೆ ಹರಿಯುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬಂದರೆ ಅದೇ ಕಾರಣ. ಗುಳ್ಳೆ ನಿಂತವು. ಹೀಟರಿನಿಂದ ಉಗುರುಬೆಚ್ಚಗಿನ ಗಾಳಿ ಬಂತು. ದೊಡ್ಡಮ್ಮ ಕೈಯೊಡ್ಡಿ, ‘ಬಂತು ನೋಡ್ರೀ’ ಎಂದರು. ಆದರೆ ಹಗರಿಬೊಮ್ಮನಹಳ್ಳಿ ರಸ್ತೆಗೆ ಬಿದ್ದು ವೇಗ ಹಿಡಿದೊಡನೆ ಆ ಬೆಚ್ಚಗೂ ಹೋಯಿತು.

ಹೋದದ್ದೇ ಒಂದು ಸುಳಿವು. ಮರುದಿನ ಬೆಳಿಗ್ಗೆ ಅಂಕಸಮುದ್ರದ ಹಕ್ಕಿ ನೋಡಲು ಹೋಗುವಾಗ ನಾನು ರಸ್ತೆಯ ಜೊತೆಗೆ ಟೆಂಪರೇಚರ್ ಮುಳ್ಳನ್ನೂ ಗಮನಿಸುತ್ತಿದ್ದೆ. ಮೆಕ್ಕೆಜೋಳ ಒಣಗಲು ಹಾಕಿದ್ದ ಕಡೆ ನಿಧಾನಿಸಿದರೆ ಮುಳ್ಳು ಮೇಲೇರುತ್ತದೆ. ರಸ್ತೆ ಬಿಡುವಾಗಿ ಓಡಿಸಿದರೆ ಕಾಲುಭಾಗದ ಕೆಳಗಿಳಿಯುತ್ತದೆ. ಆರೋಗ್ಯವಂತ ಎಂಜಿನ್ನಿನ ಮುಳ್ಳು ಕೆಲವು ನಿಮಿಷದಲ್ಲಿ ನಡುವಿಗೆ ಬಂದು ಅಲ್ಲೇ ನಿಲ್ಲಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ಎಂಜಿನ್ ಕಾಯುವವರೆಗೆ ನೀಲಿ ದೀಪ ಉರಿಯುತ್ತದೆ, ಅಷ್ಟೆ. ಆ ದೀಪ ಬಹಳ ಹೊತ್ತು ಆರದಿದ್ದರೆ ಎಂಜಿನ್ ಸರಿಯಾಗಿ ಕಾಯುತ್ತಿಲ್ಲ ಎಂದೇ ಅರ್ಥ.

ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲೂಕಿನ ಹಳೆಯ ನೀರಾವರಿ ಕೆರೆ. ನೀರಿನೊಳಗೆ ನಿಂತ ಜಾಲಿ ಮರಗಳ ತುಂಬ ಹಕ್ಕಿಗಳು. 2024ರ ಜನವರಿಯಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆ ಮಾನ್ಯತೆ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ ಇದರ ಜೊತೆಯಲ್ಲೇ ಸೇರಿದವು. ಮಂಜಿನ ನಡುವೆ ಕೊಕ್ಕರೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಮೈ ಒಡ್ಡಿದ್ದವು. ಬರಗಾಲದ ತಾಲೂಕಿನಲ್ಲಿ ಇಷ್ಟು ನೀರು, ಇಷ್ಟು ಜೀವ! ದೊಡ್ಡಮ್ಮ ಕಾರಿನಿಂದ ಇಳಿದು ಏರಿಯ ಮೇಲೆ ತಾವೇ ನಡೆದು ಹೋಗಿ ನಿಂತರು. ಅಲ್ಲಿ ನಿಂತಾಗ ನನ್ನ ಎಂಜಿನ್ನಿನ ಕಥೆ ನನಗೆ ಸ್ಪಷ್ಟವಾಯಿತು. ಕೆರೆಗೆ ತೂಬು ಹೇಗೋ ಎಂಜಿನ್ನಿಗೆ ಥರ್ಮೋಸ್ಟಾಟ್ ವಾಲ್ವ್ ಹಾಗೆ. ಒಳಗಿನ ನೀರು ಸುಮಾರು 80ರಿಂದ 90 ಡಿಗ್ರಿ ಕಾಯುವವರೆಗೆ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಕಾದ ಮೇಲೆ ಅದರೊಳಗಿನ ಮೇಣ ಕರಗಿ, ಹಿಗ್ಗಿ, ಬಾಗಿಲನ್ನು ತಳ್ಳಿ ತೆರೆಯುತ್ತದೆ. ಆ ಬಾಗಿಲು ಸದಾ ತೆರೆದೇ ಇದ್ದರೆ ಓಡುವ ಕಾರಿನ ರೇಡಿಯೇಟರಿಗೆ ಎದುರುಗಾಳಿ ಹೊಡೆದು ನೀರು ಕಾಯುವುದೇ ಇಲ್ಲ. ಕಾಯದ ನೀರಿನಿಂದ ಹೀಟರಿಗೆ ಏನು ಸಿಕ್ಕೀತು?

ಕೆರೆಯಿಂದ ಹಡಗಲಿಗೆ ಹೋಗಿ ಅಲ್ಲಿಯ ಮೇಸ್ತ್ರಿಯೊಬ್ಬರಿಗೆ ಇಷ್ಟನ್ನು ಹೇಳಿದಾಗ ಅವರು ತಲೆಯಾಡಿಸಿ ನೇರವಾಗಿ ಥರ್ಮೋಸ್ಟಾಟಿನ ಮನೆ ಬಿಚ್ಚಿದರು. ಒಳಗೆ ಏನೂ ಇರಲಿಲ್ಲ. ವಾಲ್ವನ್ನೇ ಯಾರೋ ಕಿತ್ತು ಹಾಕಿದ್ದರು.

‘ಬ್ಯಾಸಿಗ್ಯಾಗ ಗಾಡಿ ಕಾಯಬಾರದು ಅಂತ ತಗದಾರ್ರಿ. ಈ ಸೀಮ್ಯಾಗ ಇದು ಮಾಮೂಲಿ’ ಎಂದರು. ಅರವತ್ತರ ಹತ್ತಿರದ ಹಿರಿಯರು. ಲಾರಿ, ಅಂಬಾಸಿಡರ್ ಕಾಲದಿಂದ ಕೆಲಸ ಮಾಡಿದವರು. ಆಗೆಲ್ಲ ವಾಲ್ವು ತುಕ್ಕು ಹಿಡಿದು ಮುಚ್ಚಿದಂತೆಯೇ ನಿಂತುಬಿಡುತ್ತಿತ್ತು, ಎಂಜಿನ್ ಕುದಿದು ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು, ಹತ್ತಾರು ಮೈಲಿ ಗ್ಯಾರೇಜಿಲ್ಲದ ರಸ್ತೆಯಲ್ಲಿ ಅದನ್ನು ಕಿತ್ತೆಸೆಯುವುದೇ ಉಪಾಯವಾಗಿತ್ತು ಎಂದು ವಿವರಿಸಿದರು. ಆ ಕಾಲದ ಡ್ರೈವರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಈಗಿನ ಎಂಜಿನ್ನಿಗೆ ಇಂಧನ ಅಳೆದು ಕೊಡುವುದು ಕಂಪ್ಯೂಟರ್. ನೀರು ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಿರುವಷ್ಟು ಹೊತ್ತೂ ಅದು ಹೆಚ್ಚು ಇಂಧನ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲ್ ಸರಿಯಾಗಿ ಕಾಯದೆ ಕೊಳೆಯಾಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ವಾಲ್ವ್ ಕೆಟ್ಟರೆ ಹೊಸದು ಹಾಕಬೇಕೇ ಹೊರತು ಆ ಜಾಗ ಖಾಲಿ ಬಿಡಬಾರದು. ಮೇಸ್ತ್ರಿಯೂ ಒಪ್ಪಿದರು. ‘ಹಾಕಿಸ್ತೀನಿ ಅನ್ನೋರು ಬೇಕಲ್ರಿ’ ಎಂದರು.

ಆ ಮಾತಿನಲ್ಲಿ ದೂರಿರಲಿಲ್ಲ. ಸಣ್ಣ ಊರಿನ ಗ್ಯಾರೇಜಿನ ಸ್ಥಿತಿಯೇ ಅದು. ಕೊಟ್ಟೂರಿನ ಹುಡುಗನಿಗಾಗಲಿ ಹಡಗಲಿಯ ಮೇಸ್ತ್ರಿಗಾಗಲಿ ಸ್ಕ್ಯಾನರಿಲ್ಲ. ಕೈಯಿಂದ ಮುಟ್ಟಿ, ಮೂಗಿನಿಂದ ನೋಡಿ, ಒಂದೊಂದನ್ನೇ ತಳ್ಳಿಹಾಕುತ್ತ ಹೋಗುತ್ತಾರೆ. ಆಯಿಲ್ ಕ್ಯಾಪ್ ತೆಗೆದು ಒಳಗೆ ಹಾಲಿನಂಥ ನೊರೆ ಇದೆಯೇ ಎಂದು ಮೇಸ್ತ್ರಿ ನೋಡಿದರು. ಇದ್ದರೆ ನೀರು ಆಯಿಲಿಗೆ ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಕಾಲಿನ ಬಳಿಯ ಮ್ಯಾಟ್ ಎತ್ತಿ ತೇವ ಮುಟ್ಟಿ ನೋಡಿದರು, ಸಿಹಿವಾಸನೆ ಇದೆಯೇ ಎಂದು ಮೂಸಿದರು. ಇದ್ದರೆ ಕಾಯಿಲೇ ಒಡೆದಿದೆ. ಎರಡೂ ಇರಲಿಲ್ಲ. ಇಷ್ಟು ಗಮನ ಕೊಟ್ಟವರಿಗೆ ಸಲ್ಲಬೇಕಾದ ಗೌರವ, ಕೂಲಿ ಎರಡೂ ನಮ್ಮಲ್ಲಿ ಕಡಿಮೆ.

ವಾಲ್ವು ಹೊಸಪೇಟೆಯಿಂದ ಬರಬೇಕಿತ್ತು. ಮೇಸ್ತ್ರಿ ಫೋನ್ ಮಾಡಿದರು, ಅಂಗಡಿಯವರು ಬಸ್ಸಿನಲ್ಲಿ ಕಳಿಸುವುದಾಗಿ ಹೇಳಿದರು. ಅದು ಬರುವವರೆಗೆ ಬೀಗರ ಮನೆಯ ಮಲ್ಲಿಗೆ ತೋಟಕ್ಕೆ ಹೋದೆವು. ಮೈಸೂರು, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಹಂಪಿಯ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿತ್ತು ಎಂದು ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಆದರೆ ಡಿಸೆಂಬರಿನಲ್ಲಿ ತೋಟ ಬರಿದಾಗಿತ್ತು. ಮಲ್ಲಿಗೆ ಬಿಸಿಲಿನ ಬೆಳೆ. ಚಳಿಗೆ ಮೊಗ್ಗು ಕಟ್ಟುವುದು ಕಡಿಮೆ, ಆಗಲೇ ಬೆಲೆ ಹೆಚ್ಚು. ಬೀಗರು ಹುಡುಕಿ ಕಿತ್ತ ಒಂದು ಹಿಡಿ ಮೊಗ್ಗನ್ನು ದೊಡ್ಡಮ್ಮ ಅಲ್ಲೇ ಕೂತು ಕಟ್ಟಿದರು. ‘ಭರತ ಹುಣ್ಣಿಮೆಗೆ ಮೈಲಾರಕ್ಕ ಬರ್ರಿ, ಕಾರ್ಣೀಕ ಕೇಳೀರಂತ’ ಎಂದು ಬೀಗರು ಕರೆದರು. ಆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಮಾತಿನಲ್ಲಿ ಈ ಸೀಮೆಯ ರೈತರು ಮುಂದಿನ ವರ್ಷದ ಮಳೆಬೆಳೆ ಹುಡುಕುತ್ತಾರೆ.

ಹೊಸ ವಾಲ್ವ್ ಕೂರಿಸಿದ ಮೇಲೆ ಮುಳ್ಳು ನಡುವಿಗೆ ಬಂದು ನಿಂತಿತು. ಎಂಜಿನ್ನಿನ ಸದ್ದೇ ಮೆತ್ತಗಾಯಿತು. ಹೀಟರ್ ಮಾತ್ರ ಇನ್ನೂ ಉಗುರುಬೆಚ್ಚಗೆ. ಮೇಸ್ತ್ರಿ ನನ್ನ ಕೈ ಹಿಡಿದು ಹೀಟರಿಗೆ ಹೋಗುವ ಪೈಪಿನ ಮೇಲೆ ಇಟ್ಟರು: ಮುಟ್ಟಲಾಗದಷ್ಟು ಬಿಸಿ. ಪಕ್ಕದ, ವಾಪಸು ಬರುವ ಪೈಪು: ಬೆಚ್ಚಗೂ ಇಲ್ಲ. ಕಾಯಿಲ್ ಕಟ್ಟಿಕೊಂಡಿದೆ ಎನ್ನುವುದಕ್ಕೆ ಇದಕ್ಕಿಂತ ಸರಳ ಪರೀಕ್ಷೆ ಬೇಡ. ಎರಡೂ ಪೈಪು ಬಿಸಿಯಿದ್ದೂ ಗಾಳಿ ತಣ್ಣಗಿದ್ದರೆ ಗಾಳಿ ತಿರುಗಿಸುವ ಆ ಮುಚ್ಚಳದ ತೊಂದರೆ. ಎರಡೂ ತಣ್ಣಗಿದ್ದರೆ ನೀರು, ಪಂಪು ಇಲ್ಲವೇ ವಾಲ್ವಿನದು. ಅಷ್ಟೊತ್ತಿಗೆ ಕತ್ತಲಾಗಿತ್ತು. ‘ನಾಳೆ ಹರಪನಹಳ್ಯಾಗ ಮಾಡಿಸ್ರಿ, ನಮ್ಮ ಹುಡುಗನ ಗ್ಯಾರೇಜ್ ಐತಿ’ ಎಂದು ಶಿಷ್ಯನ ನಂಬರ್ ಕೊಟ್ಟರು.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ತಾಲೂಕು. ಕಚೇರಿ ಕಾಗದ ಹೊಸಪೇಟೆಗೆ ಹೋಗುತ್ತದೆ; ಶಿಷ್ಯನ ಗ್ಯಾರೇಜಿಗೆ ಸ್ಪೇರ್ ಪಾರ್ಟ್ಸ್ ಈಗಲೂ ದಾವಣಗೆರೆಯಿಂದ ಬರುತ್ತದೆ. ಆತ ಎರಡು ಹೀಟರ್ ಪೈಪನ್ನೂ ಕಳಚಿ, ನೀರು ವಾಪಸು ಬರುವ ಕಡೆಯಿಂದ ಸಣ್ಣ ಪೈಪಿನಲ್ಲಿ ನೀರು ಬಿಟ್ಟ. ಜೋರು ಬಿಡಬಾರದು, ಹಳೆಯ ಕಾಯಿಲ್ ಒಡೆದೀತು ಎಂದು ನಿಧಾನವಾಗಿಯೇ ಬಿಟ್ಟ. ಮೊದಲು ಹನಿಹನಿ. ಆಮೇಲೆ ಕಂದು ಕೆಸರು, ಬಿಳಿ ಸುಣ್ಣದ ಚಕ್ಕೆಗಳು. ದಿಕ್ಕು ಬದಲಿಸಿ ಮತ್ತೆ ಮತ್ತೆ ತೊಳೆದು, ತಿಳಿನೀರು ಬಂದ ಮೇಲೆ ಇಡೀ ವ್ಯವಸ್ಥೆಯ ಹಳೆ ನೀರು ತೆಗೆದು, ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯ ಕೂಲಂಟ್ ತುಂಬಿದ. ನೆಲದ ಮೇಲೆ ಬಿದ್ದ ಆ ಚಕ್ಕೆಗಳನ್ನು ದೊಡ್ಡಮ್ಮ ಬಗ್ಗಿ ನೋಡಿ, ‘ಇಷ್ಟೆಲ್ಲ ಹೊಟ್ಟ್ಯಾಗ ಇಟ್ಕೊಂಡು ಓಡಿತ್ತಲ್ಲೋ ಪಾಪ’ ಎಂದರು.

ಮರುದಿನ ನಸುಕಿನಲ್ಲಿ ಬಾಗಳಿಗೆ ಹೋದೆವು. ಹತ್ತನೇ ಶತಮಾನದ ಕಲ್ಲೇಶ್ವರ ಗುಡಿ ಅಲ್ಲಿದೆ; ರಾಷ್ಟ್ರಕೂಟರ ಕಾಲ ಮುಗಿದು ಕಲ್ಯಾಣದ ಚಾಲುಕ್ಯರ ಕಾಲ ತೊಡಗಿದ ಸಂಧಿಯ ಕೆಲಸ. ಅದರ ಕಂಬಗಳ ಕಡೆತದ ನಯ ನೋಡಲು ಒಂದು ಪೂರ್ತಿ ಹಗಲು ಬೇಕು, ಅದನ್ನು ಬೇರೆಯೇ ಬರೆಯಬೇಕು. ಇಲ್ಲಿ ಹೇಳಬೇಕಾದದ್ದು ದಾರಿಯ ಮಾತು. ಊರು ದಾಟುವ ಹೊತ್ತಿಗೆ ಹೀಟರಿನಿಂದ ಬಿಸಿಗಾಳಿ ಬಂತು. ವೇಗ ಹಿಡಿದ ಮೇಲೂ ಬಿಸಿಯಾಗಿಯೇ ಇತ್ತು. ಗಾಜು ತಿಳಿಯಾಯಿತು. ದೊಡ್ಡಮ್ಮ ಶಾಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು.

‘ನಮ್ಮ ಕಡೆ ಯಾಕ್ ಬೇಕು’ ಎನ್ನುವವರಿಗೆ ನನ್ನ ಉತ್ತರ ಬೇಸಿಗೆಗೇ ಸಂಬಂಧಪಟ್ಟದ್ದು. ಮೇ ತಿಂಗಳಲ್ಲಿ ಏರುದಾರಿಯಲ್ಲಿ ಮುಳ್ಳು ಕೆಂಪಿಗೆ ಹೋಗುತ್ತಿದ್ದರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಬೇಕು. ಎಂಜಿನ್ನಿನ ಬಿಸಿಯನ್ನು ಹೊರಗೆಳೆಯಲು ಒಂದು ರೇಡಿಯೇಟರ್ ಹೆಚ್ಚಾದಂತೆ. ಸುರಕ್ಷಿತ ಜಾಗ ಸಿಗುವವರೆಗಾದರೂ ಅದು ಎಂಜಿನ್ನನ್ನು ಕಾಪಾಡುತ್ತದೆ. ಆ ಹೊತ್ತಿಗೆ ಅದರಿಂದ ತಣ್ಣನೆ ಗಾಳಿ ಬಂದರೆ ನೀರು ಖಾಲಿಯಾಗಿರಬಹುದು. ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಬೇಕು.

ಆದ್ದರಿಂದ ಓದುಗರಲ್ಲಿ ನನ್ನ ಕೇಳಿಕೆ ಇಷ್ಟು. ಶಿವರಾತ್ರಿಯ ಒಳಗೆ ಒಂದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟಿನ ಮಟ್ಟವನ್ನೂ ಬಣ್ಣವನ್ನೂ ನೋಡಿ. ಹೀಟರ್ ಹಾಕಿ ಹತ್ತು ನಿಮಿಷ ಓಡಿಸಿ, ಬಿಸಿ ಬರುತ್ತದೆಯೇ ಪರೀಕ್ಷಿಸಿ. ಬೋರ್ ನೀರು ತುಂಬಲು ಬಿಡಬೇಡಿ. ಥರ್ಮೋಸ್ಟಾಟ್ ಕಿತ್ತುಹಾಕೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ, ಹೊಸದನ್ನೇ ಹಾಕಿಸಿ.